ನೆಲನೆಲ್ಲಿ ಪಾಸೋ? ಫೇಲೋ?

ಮಳೆ ಹಿಡಿದು ಹದಿನೈದು ದಿನ ಆಗಿರುವುದಿಲ್ಲ, ನಮ್ಮ ಮಲೆನಾಡಿನ ಊರುಗಳಲ್ಲಿ ಕಾಮಾಲೆಯ ಮಾತು ಶುರು. ಯಾರದೋ ಮನೆ ಹುಡುಗನ ಕಣ್ಣು ಹಳದಿ, ಅನ್ನ ಕಂಡರೆ ವಾಕರಿಕೆ, ಮೂತ್ರ ಅರಿಶಿನ ಕದಡಿದ ಹಾಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಇದನ್ನು ಹೇಳಿ ನೋಡಿ. ಡಾಕ್ಟರ ಹೆಸರು ಹೇಳುವವರು ಒಬ್ಬರಿದ್ದರೆ, "ಇಂಥ ಊರಲ್ಲಿ ಒಬ್ರು ಸೊಪ್ಪಿನ ಔಷಧಿ ಕೊಡ್ತಾರೆ, ಮೂರೇ ದಿನ, ಕೈಯಲ್ಲಿ ದುಡ್ಡು ಮುಟ್ಟೋದಿಲ್ಲ, ಎಲೆಅಡಿಕೆ ಮೇಲೆ ಇಟ್ರೆ ಇಟ್ರಿ" ಅನ್ನುವವರು ನಾಲ್ಕು ಮಂದಿ. ಹಿಂದಿನ ಸೀಟಿನಿಂದ ಐದನೆಯವರು ಮುಂದಕ್ಕೆ ಬಗ್ಗಿ, "ನಮ್ಮ ಭಾವನಿಗೂ ಅಲ್ಲೇ ವಾಸಿ ಆಗಿದ್ದು" ಅಂತ ಸಾಕ್ಷಿ ಹೇಳುತ್ತಾರೆ.

ಆ ಸೊಪ್ಪು ಬಹಳ ಕಡೆ ಒಂದೇ: ನೆಲನೆಲ್ಲಿ. ಕಿರುನೆಲ್ಲಿ ಅಂತಲೂ ಅನ್ನುತ್ತಾರೆ. ಮಳೆ ಬಿದ್ದ ಕೂಡಲೇ ತೋಟದ ಬದುವಿನಲ್ಲಿ, ಸ್ಕೂಲ್ ಕಾಂಪೌಂಡಿನ ಬುಡದಲ್ಲಿ, ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಜಲ್ಲಿಕಲ್ಲಿನ ಮಧ್ಯೆ ಕೂಡ ಏಳುವ ಗೇಣುದ್ದದ ಗಿಡ. ಎಲೆ ಹುಣಿಸೆ ಎಲೆಯ ಹಾಗೆ ಸಾಲು ಸಾಲು. ಆ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಹಸಿರು ಕಾಯಿಗಳು ನೇತಾಡುತ್ತವೆ. ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಜೊತೆಗೆ ಪಥ್ಯ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಮೀನು ಮಾಂಸದ ಮಾತೇ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಈ ಒಂದು ಗಿಡದ ಮುಂದೆ ಸೋತಿದೆ ಅನ್ನಬೇಕು. ಆದರೆ ಇದನ್ನು ಕುಡಿದವರಿಗಾಗಲಿ ಕೊಟ್ಟವರಿಗಾಗಲಿ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ನಮ್ಮ ಹಿತ್ತಲ ಈ ಗಿಡ ಒಂದು ಕಾಲದಲ್ಲಿ ದೊಡ್ಡ ಪರೀಕ್ಷೆಗೇ ಕೂತಿತ್ತು. ಪರೀಕ್ಷೆ ಮಾಡಿದವರಲ್ಲಿ ಒಬ್ಬರು ನೊಬೆಲ್ ಬಹುಮಾನ ಪಡೆದ ವಿಜ್ಞಾನಿ. ಮೊದಲ ಸಲ ಬಂದ ಮಾರ್ಕ್ಸು ನೋಡಿ ಲೋಕವೇ ಹುಬ್ಬೇರಿಸಿತು. ಆಮೇಲೆ ಏನಾಯಿತು ಅನ್ನುವುದು ಊರಿನ ತನಕ ಬಂದು ಮುಟ್ಟಲೇ ಇಲ್ಲ.

ಹಳದಿ ಒಂದೇ, ರೋಗ ಬೇರೆ ಬೇರೆ

ಮೊದಲು ಒಂದು ಗಂಟು ಬಿಡಿಸಬೇಕು. ಕಾಮಾಲೆ ಅನ್ನುವುದು ರೋಗದ ಹೆಸರೇ ಅಲ್ಲ, ಗುರುತು. ಪಿತ್ತದ ಹಳದಿ ಬಣ್ಣ ರಕ್ತದಲ್ಲಿ ಹೆಚ್ಚಾದರೆ ಕಣ್ಣು ಹಳದಿ ಆಗುತ್ತದೆ, ಅಷ್ಟೆ. ಯಾಕೆ ಹೆಚ್ಚಾಯಿತು ಅನ್ನುವುದಕ್ಕೆ ಕಾರಣ ಹತ್ತಾರು.

ನಮ್ಮಲ್ಲಿ ಮಳೆಗಾಲದಲ್ಲಿ ಕಾಣುವುದು ಹೆಚ್ಚಾಗಿ ಹೆಪಟೈಟಿಸ್ 'ಎ' ಮತ್ತು 'ಇ'. ಕುಡಿಯುವ ನೀರಿಗೆ ಚರಂಡಿ ನೀರು ಸೇರಿದಾಗ ಬರುವಂಥವು. ಮೈ ಸುಸ್ತು ಮಾಡಿ, ನಾಲ್ಕಾರು ವಾರ ಮಲಗಿಸಿ, ಬಹುಪಾಲು ಜನರಲ್ಲಿ ತಾವಾಗಿಯೇ ಬಿಟ್ಟು ಹೋಗುತ್ತವೆ. ಔಷಧಿ ಕುಡಿದರೂ ಹೋಗುತ್ತವೆ, ಕುಡಿಯದಿದ್ದರೂ ಹೋಗುತ್ತವೆ. ಸೊಪ್ಪಿನ ಔಷಧಿಗೆ ಬಂದಿರುವ ಹೆಸರಿನಲ್ಲಿ ದೊಡ್ಡ ಪಾಲು ಈ ಎರಡು ಕಾಯಿಲೆಗಳದ್ದು. ಬರುವ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಜನ ವಾಸಿಯಾಗಿ ಎದ್ದು ಹೋದರೆ ಯಾವ ವೈದ್ಯನಿಗೆ ತಾನೆ ಹೆಸರು ಬರುವುದಿಲ್ಲ? ಇಲ್ಲಿ ಮೋಸ ಅನ್ನುವ ಮಾತೇ ಇಲ್ಲ. ಕೊಡುವವರೂ ಕಣ್ಣಾರೆ ಕಂಡದ್ದನ್ನೇ ನಂಬಿದ್ದಾರೆ. (ಆದರೆ 'ಇ' ಬಗೆಯ ಕಾಮಾಲೆ ಬಸುರಿಗೆ, ಅದರಲ್ಲೂ ದಿನ ತುಂಬುತ್ತಾ ಬಂದವರಿಗೆ ಬಂದರೆ ಪ್ರಾಣಕ್ಕೇ ಕುತ್ತು. ಅವರನ್ನು ಸೊಪ್ಪಿಗೆ ಕರೆದೊಯ್ಯಬೇಡಿ, ನೇರ ಆಸ್ಪತ್ರೆಗೆ.)

ಇಲಿ ಜ್ವರದಲ್ಲೂ ಕಣ್ಣು ಹಳದಿ ಆಗುತ್ತದೆ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ತಗುಲುವ ಇದು ವೈರಸ್ಸಿನದೇ ಅಲ್ಲ. ಸಕಾಲಕ್ಕೆ ಆಂಟಿಬಯಾಟಿಕ್ ಸಿಕ್ಕರೆ ಉಳಿದರು, ಮೂರು ದಿನ ಪಥ್ಯ ಮಾಡುತ್ತಾ ಕೂತರೆ ಕಿಡ್ನಿ ಕೈಕೊಡುತ್ತದೆ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದರೂ ಹಳದಿಯೇ. ಕಲ್ಲಿಗೆ ಯಾವ ಸೊಪ್ಪೂ ದಾರಿ ಬಿಡಿಸಲಾರದು.

ಇವೆಲ್ಲದರ ನಡುವೆ ಸದ್ದಿಲ್ಲದೆ ಕೂತಿರುವುದು ಹೆಪಟೈಟಿಸ್ 'ಬಿ'. ಇದು ನೀರಿನಿಂದ ಬರುವುದಲ್ಲ. ರಕ್ತದಿಂದ, ಗಂಡ ಹೆಂಡಿರ ಸಂಪರ್ಕದಿಂದ, ಒಂದೇ ಬ್ಲೇಡು, ಒಂದೇ ಸೂಜಿಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಬೆಳೆದ ಮನುಷ್ಯನಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿಗೆ ಮೈಯೇ ಅದನ್ನು ಓಡಿಸುತ್ತದೆ. ಹುಟ್ಟುವಾಗ ತಗುಲಿದ ಮಗುವಿನಲ್ಲಿ ಲೆಕ್ಕ ತಲೆಕೆಳಗು: ನೂರಕ್ಕೆ ತೊಂಬತ್ತರಲ್ಲಿ ಅದು ಜನ್ಮಪೂರ್ತಿ ಬಿಡಾರ ಹೂಡುತ್ತದೆ. ಕಣ್ಣು ಹಳದಿ ಆಗುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಇಪ್ಪತ್ತು ಮೂವತ್ತು ವರ್ಷ ಅಂಗಡಿ ವ್ಯಾಪಾರ, ಮದುವೆ ಮಕ್ಕಳು ಎಲ್ಲ ಆದ ಮೇಲೆ ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಲಿವರ್ ಗಂಟುಗಂಟಾಗಿ ಕೆಟ್ಟಿರುತ್ತದೆ. ಕೆಲವರಿಗೆ ಕ್ಯಾನ್ಸರೇ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಇಂಥ ಬಿಡಾರ ಹೊತ್ತವರು ಸುಮಾರು 2.98 ಕೋಟಿ.

ನೆಲನೆಲ್ಲಿ ಪರೀಕ್ಷೆಗೆ ಕೂತದ್ದು ಈ 'ಬಿ' ಪತ್ರಿಕೆಗೆ. ತಾನಾಗಿ ಹೋಗುವ ಕಾಮಾಲೆಯಲ್ಲಿ ಗೆದ್ದೆ ಅಂದರೆ ಗೆದ್ದ ಹಾಗಲ್ಲವಲ್ಲ.

ಫಿಲಡೆಲ್ಫಿಯಾಕ್ಕೆ ಹೋದ ಗಿಡ

ಎಲೆ ಹಳೆಯದು, ಪರೀಕ್ಷೆ ಹೊಸದು. 1960ರ ದಶಕದವರೆಗೆ ಈ ವೈರಸ್ ಇದೆಯೋ ಇಲ್ಲವೋ ಅಂತ ರಕ್ತದಲ್ಲಿ ನೋಡುವ ಉಪಾಯವೇ ಯಾರ ಹತ್ತಿರವೂ ಇರಲಿಲ್ಲ. ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಎಂಬುವರು ದೇಶದೇಶದ ಜನರ ರಕ್ತ ಕೂಡಿಹಾಕಿ ತಾಳೆ ನೋಡುತ್ತಿದ್ದಾಗ, ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನು ಕಂಡಿತು. 1965ರಲ್ಲಿ ಅದನ್ನು 'ಆಸ್ಟ್ರೇಲಿಯಾ ಆಂಟಿಜೆನ್' ಅಂತ ಪ್ರಕಟಿಸಿದರು. ಅದು 'ಬಿ' ವೈರಸ್ಸಿನ ಹೊರಗಿನ ಅಂಗಿ ಅಂತ ಗೊತ್ತಾದದ್ದು ಆಮೇಲೆ. ಈ ಅಂಗಿ ರಕ್ತದಲ್ಲಿ ಕಂಡರೆ ವೈರಸ್ ಒಳಗಿದೆ ಅಂತ ಅರ್ಥ. 1976ರಲ್ಲಿ ಬ್ಲೂಮ್‌ಬರ್ಗ್‌ಗೆ ನೊಬೆಲ್ ಬಂತು. ಇಂದು ರಕ್ತದಾನ ಶಿಬಿರದಲ್ಲಿ ನಿಮ್ಮ ಬಾಟಲಿ ರಕ್ತಕ್ಕೆ ಮಾಡುವ ಪರೀಕ್ಷೆಗಳಲ್ಲಿ ಒಂದು ಇದೇ.

ಇತ್ತ ಮದ್ರಾಸಿನಲ್ಲಿ (ಈಗಿನ ಚೆನ್ನೈ) ಮದ್ರಾಸ್ ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಅವರ ತಂಡ ಊರ ಕಾಮಾಲೆ ಸೊಪ್ಪುಗಳನ್ನು ಹಿಡಿದು ಕೂತಿತ್ತು. ತಮಿಳರಿಗೆ ನೆಲನೆಲ್ಲಿ ಅಂದರೆ ಕೀಳಾನೆಲ್ಲಿ, ಅಲ್ಲೂ ಕಾಮಾಲೆಗೆ ಅದೇ ರಾಮಬಾಣ. 1982ರಲ್ಲಿ ಅವರು ನೆಲನೆಲ್ಲಿ ಮತ್ತು ಗರುಗದ ಸೊಪ್ಪಿನ ರಸವನ್ನು ರೋಗಿಗಳ ರಕ್ತಸಾರದ ಜೊತೆ ಗಾಜಿನ ಕೊಳವೆಯಲ್ಲಿ ಬೆರೆಸಿ ಇಟ್ಟರು. ವೈರಸ್ಸಿನ ಅಂಗಿ ಪರೀಕ್ಷೆಗೆ ಸಿಗದಂತಾಯಿತು ಅಂತ ವರದಿ ಬರೆದರು.

ಆಮೇಲೆ ಗಿಡ ಸಮುದ್ರ ದಾಟಿತು. ಫಿಲಡೆಲ್ಫಿಯಾದಲ್ಲಿ ವೆಂಕಟೇಶ್ವರನ್, ಮಿಲ್‌ಮನ್, ಬ್ಲೂಮ್‌ಬರ್ಗ್ ಮೂವರೂ ಸೇರಿ ಪರೀಕ್ಷೆ ನಡೆಸಿದರು. ವೈರಸ್ ತನ್ನ ನಕಲು ಮಾಡಿಕೊಳ್ಳಲು ಒಂದು ಕಿಣ್ವ ಬೇಕು. ನೆಲನೆಲ್ಲಿ ರಸ ಆ ಕಿಣ್ವವನ್ನು ತಡೆಯಿತು. ಮುಂದೆ ವುಡ್‌ಚಕ್ ಎಂಬ ಪ್ರಾಣಿ. ಅಳಿಲಿನ ವಂಶದ್ದು, ದಪ್ಪ ಬೆಕ್ಕಿನಷ್ಟು ಗಾತ್ರ, ಬಿಲ ತೋಡಿಕೊಂಡು ಇರುತ್ತದೆ. ಅದಕ್ಕೂ ಇಂಥದ್ದೇ ಲಿವರ್ ವೈರಸ್ ಇದೆ. ಹೊಸದಾಗಿ ಸೋಂಕು ತಗುಲಿದ ನಾಲ್ಕು ವುಡ್‌ಚಕ್‌ಗಳ ಹೊಟ್ಟೆಯೊಳಕ್ಕೆ ರಸವನ್ನು ಸೂಜಿಯಿಂದ ಏರಿಸಿದರು. ಮೂರರಲ್ಲಿ ವೈರಸ್ಸಿನ ಗುರುತು ಮಾಯವಾಯಿತು. ಬಹುಕಾಲದಿಂದ ವೈರಸ್ ಹೊತ್ತಿದ್ದ ಪ್ರಾಣಿಗಳಿಗೆ ಚರ್ಮದ ಕೆಳಗೆ ಕೊಟ್ಟಾಗ ಮಾತ್ರ ಏನೂ ಆಗಲಿಲ್ಲ. 1987ರಲ್ಲಿ ಇದು ಅಚ್ಚಾಯಿತು. ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟೂ ಆಯಿತು, ಅದು ಬೇರೆ ಜಗಳ. ನಮ್ಮಜ್ಜಿ ಅರೆದು ಕೊಟ್ಟ ಸೊಪ್ಪಿಗೆ ಇವರದೇನು ಪೇಟೆಂಟು ಅಂತ ಸಿಟ್ಟು ಬರುವುದು ಸಹಜವೇ. ಆದರೆ ಸದ್ಯಕ್ಕೆ ಪ್ರಶ್ನೆ, ಗಿಡ ಕೆಲಸ ಮಾಡಿತೋ ಇಲ್ಲವೋ.

ಮದ್ರಾಸಿನ 78 ಮಂದಿ

ಪ್ರಾಣಿ ಆಯಿತು, ಇನ್ನು ಮನುಷ್ಯ. ಮದ್ರಾಸಿನಲ್ಲಿ 'ಬಿ' ವೈರಸ್ ಹೊತ್ತ 78 ಮಂದಿಯನ್ನು ಆರಿಸಿದರು. ಒಂದು ಗುಂಪಿಗೆ ನೆಲನೆಲ್ಲಿಯ ಒಣಪುಡಿ ತುಂಬಿದ ಗುಳಿಗೆ, ಸಲಕ್ಕೆ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮೂವತ್ತು ದಿನ. ಇನ್ನೊಂದು ಗುಂಪಿಗೆ ನೋಡಲು ಅದೇ ಥರದ, ಆದರೆ ಔಷಧಿ ಇಲ್ಲದ ಗುಳಿಗೆ.

ಈ ಸುಳ್ಳು ಗುಳಿಗೆ ಯಾಕೆ ಅಂತ ಕೆಲವರು ಕೇಳ್ತಾರೆ. ಅದಿಲ್ಲದಿದ್ದರೆ ಬಸ್ಸಿನ ಭಾವನ ಕಥೆ ಆಗಿಬಿಡುತ್ತದೆ ಸ್ವಾಮಿ. ಏನೂ ಕೊಡದಿದ್ದರೆ ಎಷ್ಟು ಜನ ವಾಸಿ ಆಗುತ್ತಿದ್ದರು ಅನ್ನುವ ಲೆಕ್ಕ ಪಕ್ಕದಲ್ಲಿ ಇರಬೇಕು. ತಕ್ಕಡಿಗೆ ಎರಡು ತಟ್ಟೆ ಬೇಕು, ಇದು ಅಂಗಡಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯೇ?

ಔಷಧಿ ಮುಗಿದು ಹದಿನೈದು ಇಪ್ಪತ್ತು ದಿನಕ್ಕೆ ರಕ್ತ ನೋಡಿದರು. ನೆಲನೆಲ್ಲಿ ಗುಂಪಿನ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಅಂಗಿ ಮಾಯ. ನೂರಕ್ಕೆ 59. ಸುಳ್ಳು ಗುಳಿಗೆಯ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ. ಕೆಲವರನ್ನು ಒಂಬತ್ತು ತಿಂಗಳವರೆಗೂ ನೋಡಿದರು, ಯಾರಿಗೂ ಮರಳಿ ಬರಲಿಲ್ಲ. 1988ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಇದು ಬಂತು.

ಇದು ಎಷ್ಟು ದೊಡ್ಡ ಸುದ್ದಿ ಅಂತ ತಿಳಿಯಲು ಒಂದು ಲೆಕ್ಕ ಸಾಕು. ಬಹುಕಾಲದಿಂದ 'ಬಿ' ವೈರಸ್ ಹೊತ್ತವರಲ್ಲಿ ಅದು ತಾನಾಗಿ ಮಾಯವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ, ಸುಮಾರಾಗಿ. ಇಲ್ಲಿ ಒಂದೇ ತಿಂಗಳ ಗುಳಿಗೆಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೋಗಿದೆ. ಅದೂ ರಸ್ತೆ ಬದಿಯ ಗಿಡದ ಪುಡಿಯಿಂದ! ಆಗ ಯಾವ ಇಂಗ್ಲಿಷ್ ಔಷಧಿಯೂ ಅಷ್ಟು ಮಾಡುತ್ತಿರಲಿಲ್ಲ.

ಆದರೆ ಲೆಕ್ಕ ಮತ್ತೊಮ್ಮೆ ನೋಡಿ. ಶುರುವಾದಾಗ 78, ಕೊನೆಗೆ ರಕ್ತ ಕೊಟ್ಟವರು 37 ಮತ್ತು 23, ಒಟ್ಟು 60. ಮಧ್ಯದಲ್ಲಿ ಬಿಟ್ಟುಹೋದವರು 18. ಅದರಲ್ಲೂ ಸುಳ್ಳು ಗುಳಿಗೆಯ ಕಡೆಯಿಂದ ಹೋದವರೇ ಹೆಚ್ಚು. ವರ್ಷದ ಕೊನೆಗೆ ಖಾತೆ ಮುಗಿಸುವಾಗ ಹದಿನೆಂಟು ಜನರ ಬಾಕಿ ಬರೆಯದೇ ಲಾಭ ಹೇಳಿದರೆ ನಿಮ್ಮ ಆಡಿಟರು ಒಪ್ಪುತ್ತಾರೆಯೇ? ಬೇರೆ ದೇಶದ ವಿಜ್ಞಾನಿಗಳೂ ನಾವೂ ಒಂದು ಸಲ ನೋಡ್ತೇವೆ ಅಂತ ಹೊರಟರು.

1990ರಲ್ಲಿ ಥಾಯ್ಲೆಂಡಿನಿಂದ ಸುದ್ದಿ ಬಂತು: ಇಲ್ಲಿ ವೈರಸ್ ಹೋಗಲಿಲ್ಲ. 1991ರಲ್ಲಿ ಹಾಲೆಂಡಿನಿಂದ: ಇಲ್ಲೂ ಇಲ್ಲ. 1994ರಲ್ಲಿ ನ್ಯೂಜಿಲೆಂಡಿನಿಂದ: ಇಲ್ಲೂ ಇಲ್ಲ. ಚೀನಾದವರು ನೆಲನೆಲ್ಲಿಯ ದಾಯಾದಿ ಗಿಡಗಳನ್ನೂ ಪರೀಕ್ಷಿಸಿ ಹತ್ತಾರು ವರದಿ ತಂದರು, ಕೆಲವಕ್ಕೆ ಒಳ್ಳೆ ಮಾರ್ಕ್ಸೂ ಬಂತು. ಕೊನೆಗೆ 2011ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಜಾತಿಯ ಗಿಡಗಳ ಮೇಲೆ ನಡೆದ 16 ಪ್ರಯೋಗಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿತು. ಸುಳ್ಳು ಗುಳಿಗೆಯ ಎದುರು ಗಿಡ ನಿಂತು ಗೆದ್ದದ್ದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ. ಇಂಗ್ಲಿಷ್ ಔಷಧಿಯ ಜೊತೆ ಸೇರಿಸಿ ಕೊಟ್ಟಾಗ ಸ್ವಲ್ಪ ಉಪಯೋಗ ಕಂಡಂತಿದ್ದರೂ ಆ ಪ್ರಯೋಗಗಳೇ ಸಡಿಲವಾಗಿದ್ದವು.

ಹಾಗಾದರೆ ಪಾಸೋ ಫೇಲೋ? 'ಬಿ' ಪತ್ರಿಕೆಯಲ್ಲಿ ಪಾಸಾಗಿಲ್ಲ. ಅಷ್ಟು ಖಂಡಿತ ಹೇಳಬಹುದು.

ಚೊಗರಿನ ಮಾಯೆ

ಗಾಜಿನ ಕೊಳವೆಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಯಾಕೆ ಸೋಲುತ್ತದೆ? ಇದು ನೆಲನೆಲ್ಲಿಯೊಂದರ ಪಾಡಲ್ಲ. ಪ್ರತಿ ವರ್ಷ ಪತ್ರಿಕೆಯಲ್ಲಿ ಯಾವುದಾದರೂ ಒಂದು ಸೊಪ್ಪು ಯಾವುದಾದರೂ ಒಂದು ವೈರಸ್ಸನ್ನು ಕೊಂದ ಸುದ್ದಿ ಓದಿರುತ್ತೀರಿ. 2020ರ ಕೊರೊನಾ ಕಾಲದಲ್ಲಂತೂ ದಿನಕ್ಕೊಂದು.

ಅಡಿಕೆ ಬೇಯಿಸಿದವರಿಗೆ ಕಾರಣ ಬೇಗ ಅರ್ಥವಾದೀತು. ಹಂಡೆಯ ಚೊಗರು ಏನು ಮಾಡುತ್ತದೆ? ಕೈಗೆ ಅಂಟುತ್ತದೆ, ಬಟ್ಟೆಗೆ ಅಂಟುತ್ತದೆ, ನಾಲಿಗೆಗೆ ತಾಗಿದರೆ ನಾಲಿಗೆ ಹಿಡಿದುಕೊಳ್ಳುತ್ತದೆ. ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶಕ್ಕೆ ಪ್ರೋಟೀನು ಕಂಡರೆ ಅಪ್ಪಿಕೊಳ್ಳುವ ಚಾಳಿ. ಚರ್ಮ ಹದ ಮಾಡುವುದೂ ಈ ಗುಣದಿಂದಲೇ. ಚಹಾದಲ್ಲಿ, ದಾಳಿಂಬೆ ಸಿಪ್ಪೆಯಲ್ಲಿ, ನೆಲ್ಲಿಯಲ್ಲಿ, ನೆಲನೆಲ್ಲಿಯಲ್ಲಿ ಇಂಥ ಒಗರು ಧಾರಾಳ. ಕೊಳವೆಯೊಳಗೆ ವೈರಸ್ಸಿನ ಮೇಲೆ ಸುರಿದರೆ ವೈರಸ್ಸಿನ ಪ್ರೋಟೀನಿಗೂ ಅಂಟಿಕೊಂಡು ಕೂರುತ್ತದೆ. ಕಿಣ್ವ ನಿಂತಂತೆ ಕಾಣುತ್ತದೆ. ನೋಡಿದವರಿಗೆ ಔಷಧಿ ಕೆಲಸ ಮಾಡಿತು ಅನ್ನಿಸುತ್ತದೆ. ಅದನ್ನೇ ಕುಡಿದರೆ? ಹೊಟ್ಟೆಯಲ್ಲಿರುವ ಅನ್ನ, ಬೇಳೆ, ಹಾಲಿನ ಪ್ರೋಟೀನಿಗೆ ಅಂಟಿ ಅಲ್ಲೇ ಮುಗಿಯುತ್ತದೆ. ರಕ್ತಕ್ಕೆ ಸೇರಿ ಲಿವರ್ ತನಕ ಹೋಗುವುದು ಬಹಳ ಸ್ವಲ್ಪ. ಅದಕ್ಕೇ ಈಗ ಸರಿಯಾದ ಲ್ಯಾಬುಗಳಲ್ಲಿ ಸೊಪ್ಪಿನ ಸಾರದಿಂದ ಮೊದಲು ಈ ಒಗರನ್ನು ತೆಗೆದು, ಆಮೇಲೆ ಪರೀಕ್ಷೆಗೆ ಇಡುವ ರೂಢಿ ಇದೆ.

ಇನ್ನೊಂದು ಅಡ್ಡಗೋಡೆ ವಿಷದ್ದು. ವೈರಸ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಜೀವಕೋಶದ ಒಳಗೇ ಬೆಳೆಯಬೇಕು. ಲ್ಯಾಬಿನಲ್ಲಿ ಕೋತಿಯ ಕಿಡ್ನಿಯಿಂದ ತೆಗೆದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅದಕ್ಕೆ ವೈರಸ್ ಬಿಟ್ಟು, ಮೇಲಿಂದ ಸಾರ ಹಾಕುತ್ತಾರೆ. 'ವೀರೋ' ಎಂಬ ಇಂಥ ಕೋಶಗಳ ತಳಿ 1962ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು, ಇವತ್ತಿಗೂ ಲೋಕದ ತುಂಬ ಬಳಕೆಯಲ್ಲಿದೆ. ವೈರಸ್ ಬೆಳೆಯದಿದ್ದರೆ ಸಾರ ಗೆದ್ದಿತು ಅನ್ನುವುದಕ್ಕೆ ಮುಂಚೆ ಕೋಶ ಬದುಕಿದೆಯೇ ಅಂತ ನೋಡಬೇಕು. ಬ್ಲೀಚಿಂಗ್ ಪೌಡರಿನ ನೀರಿಗೂ ವೈರಸ್ ಸಾಯುತ್ತದೆ, ಕುಡಿಯುವವರು ಯಾರು? ಕೋಶವನ್ನು ಕೊಲ್ಲುವ ಪ್ರಮಾಣ, ವೈರಸ್ಸನ್ನು ತಡೆಯುವ ಪ್ರಮಾಣ, ಇವೆರಡರ ನಡುವೆ ಹತ್ತಾರು ಪಟ್ಟು ಅಂತರ ಇದ್ದರೆ ಮಾತ್ರ ಮುಂದಿನ ಮಾತು. ಪತ್ರಿಕೆಗೆ ಬರುವ ಸುದ್ದಿಯಲ್ಲಿ ಈ ಅಂತರದ ಲೆಕ್ಕ ಸಾಮಾನ್ಯವಾಗಿ ಇರುವುದೇ ಇಲ್ಲ. ಇನ್ನು ಮೇಲೆ ಅಂಥ ಸುದ್ದಿ ಓದಿದಾಗ ಮೊದಲು ಅದನ್ನೇ ಹುಡುಕಿ.

ನೆಲನೆಲ್ಲಿಯ ಕಾಲದಲ್ಲಿ ಕಷ್ಟ ಇನ್ನೂ ಹೆಚ್ಚು. 1980ರ ದಶಕದ ಬಹುಭಾಗ 'ಬಿ' ವೈರಸ್ಸನ್ನು ಲ್ಯಾಬಿನ ಕೋಶಗಳಲ್ಲಿ ಬೆಳೆಸುವುದೇ ಸಾಧ್ಯವಿರಲಿಲ್ಲ. ಅದಕ್ಕೇ ಪಾಪ, ವುಡ್‌ಚಕ್ ಬಿಲ ಬಿಟ್ಟು ಬರಬೇಕಾಯಿತು.

ಗ್ರಂಥಿಗೆ ಅಂಗಡಿಯ ಚೀಲದಲ್ಲಿ

ಗಿಡವೇ ಬೇರೆ ಇದ್ದಿರಬಹುದಲ್ಲ ಅಂತ ಒಂದು ವಾದ ಇದೆ. ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 1987ರ ವರದಿಯಲ್ಲಿ ಬರೆದ ಸಸ್ಯಶಾಸ್ತ್ರದ ಹೆಸರು ಒಂದು, ಆಮೇಲೆ ಅದು ಅದಲ್ಲ ಅಂತ ತಿದ್ದಿದ ಹೆಸರು ಇನ್ನೊಂದು. ನೊಬೆಲ್ ಬಂದವರಿಗೇ ಹೀಗಾದರೆ ನಮ್ಮ ಚೀಲದ ಗತಿ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ನೋಡಿಯೇ ಬಿಟ್ಟರು. ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣಗಿದ ನೆಲನೆಲ್ಲಿ ತಂದು, ಕಡ್ಡಿ ಎಲೆ ಬಿಡಿಸಿ, ಡಿಎನ್‌ಎ ತನಕ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ನೂರಕ್ಕೆ 76ರಷ್ಟು ಮಾಲಿನಲ್ಲಿ ಇದ್ದದ್ದು ಸರಿಯಾದ ನೆಲನೆಲ್ಲಿಯೇ. ಅಂಗಡಿಯವರ ಪರವಾಗಿ ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಗ್ರಂಥಿಗೆ ಅಂಗಡಿ ಅಂದರೆ ಬರೀ ಕಲಬೆರಕೆ ಅನ್ನುವವರೇ ಹೆಚ್ಚು. ಉಳಿದ 24ರಷ್ಟರಲ್ಲಿ ನೆಲನೆಲ್ಲಿಯ ಐದು ಬಗೆ ದಾಯಾದಿಗಳು ಸಿಕ್ಕವು. ನೋಡಲು ಅಣ್ಣತಮ್ಮಂದಿರು, ಒಳಗಿನ ಅಂಶ ಬೇರೆ.

ಹಸಿ ಗಿಡದಲ್ಲಾದರೆ ಒಂದೆರಡು ಗುರುತು ಹಿಡಿಯಬಹುದು. ನೆಲನೆಲ್ಲಿಯ ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ನೇತಾಡುತ್ತದೆ. ಕೆಂಪು ಛಾಯೆಯ ಒಂದು ದಾಯಾದಿ ಇದೆ, ಅದರ ಕಾಯಿ ಒರಟು, ತೊಟ್ಟಿಲ್ಲದೆ ಕಡ್ಡಿಗೇ ಅಂಟಿದ ಹಾಗೆ ಕೂತಿರುತ್ತದೆ. ಒಣಗಿ ಪುಡಿಯಾಗಿ ಗೋಣಿಗೆ ಬಿದ್ದ ಮೇಲೆ ಮಾತ್ರ ಬ್ರಹ್ಮನಿಗೂ ಗೊತ್ತಾಗದು.

ಸೊಪ್ಪಲ್ವಾ, ಕುಡಿದ್ರೆ ಏನಾಗ್ತದೆ ಅನ್ನುವ ಮಾತಿಗೂ ಇಲ್ಲೇ ಉತ್ತರ ಇದೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟು ಬಿದ್ದ 6 ರೋಗಿಗಳ ವಿವರ ಪ್ರಕಟಿಸಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವರದಿ ಬಂತು. ಆಯುಷ್ ಮಂತ್ರಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ನಿಜವಾದ ಅಮೃತಬಳ್ಳಿಯೋ ಅದನ್ನೇ ಹೋಲುವ ಬೇರೆ ಬಳ್ಳಿಯೋ ಅಂತ ಕೇಳಿತು. ಪ್ರಶ್ನೆ ಸರಿಯೇ ಇದೆ. ಆದರೆ ಬೇಲಿಯಿಂದ ಬಳ್ಳಿ ಕಡಿದು ತರುವವನಿಗೂ ಅದೇ ಪ್ರಶ್ನೆ ಇದೆಯಲ್ಲ? ಕಾಮಾಲೆ ಅಂತ ಮೊದಲೇ ಲಿವರ್ ಸೋತಿರುವವರು ಹೆಸರು ಗೊತ್ತಿಲ್ಲದ ಸೊಪ್ಪನ್ನು ದಿನಗಟ್ಟಲೆ ಕುಡಿಯುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಗಿಡದಿಂದ ವೈರಸ್ ಔಷಧಿ ಬರುವುದೇ ಇಲ್ಲ ಅಂತಲೂ ಅಲ್ಲ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗು, ಅದೇ ಅನಾನಸ್ ಹೂವು, ನಮ್ಮ ದಿನಸಿ ಅಂಗಡಿಯವರು ಪೊಟ್ಟಣ ಕಟ್ಟಿ ಕೊಡುತ್ತಾರಲ್ಲ. ಅದರಿಂದ ತೆಗೆದ ಶಿಕಿಮಿಕ್ ಆಮ್ಲ ಎಂಬ ವಸ್ತುವಿನಿಂದಲೇ ಫ್ಲೂ ಜ್ವರದ 'ಒಸೆಲ್ಟಾಮಿವಿರ್' ಗುಳಿಗೆ ತಯಾರಿಸುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2005ರ ಹಕ್ಕಿಜ್ವರದ ಗಾಬರಿಯಲ್ಲಿ ಚಕ್ರಮೊಗ್ಗಿನ ರೇಟು ಏರಿದ್ದು ಇದಕ್ಕೇ. ಹಾಗಂತ ಚಕ್ರಮೊಗ್ಗಿನ ಕಷಾಯ ಕುಡಿದರೆ ಫ್ಲೂ ಹೋಗುವುದಿಲ್ಲ. ಮೊಗ್ಗಿನಲ್ಲಿರುವುದು ಕಚ್ಚಾ ಮಾಲು ಮಾತ್ರ. ಅದರಿಂದ ಗುಳಿಗೆಯ ತನಕ ಹತ್ತಾರು ಹಂತದ ಕಾರ್ಖಾನೆ ಕೆಲಸ ಇದೆ.

ಹಳದಿ ಇಳಿಯಿತು, ಆಮೇಲೆ?

ನಾಟಿ ವೈದ್ಯರ ಪರ ಮಾತಾಡುವವರು ಇಲ್ಲಿ ಒಂದು ಒಳ್ಳೆ ಪ್ರಶ್ನೆ ಕೇಳ್ತಾರೆ. "ನೆಲನೆಲ್ಲಿ ಫೇಲು ಅಂತೀರಿ, ನಿಮ್ಮ ಇಂಗ್ಲಿಷ್ ಔಷಧಿ 'ಬಿ' ವೈರಸ್ಸನ್ನು ಬೇರು ಸಮೇತ ಕೀಳ್ತದಾ?" ಇಲ್ಲ. ಈಗ ಕೊಡುವ ಟೆನೋಫೋವಿರ್, ಎಂಟೆಕಾವಿರ್ ಗುಳಿಗೆಗಳು ವೈರಸ್ಸನ್ನು ಅದುಮಿ ಇಡುತ್ತವೆ, ಪೂರ್ತಿ ಹೊರಹಾಕುವುದು ಬಹಳ ಅಪರೂಪ. ಬಹಳ ಮಂದಿ ವರ್ಷಗಟ್ಟಲೆ, ಕೆಲವರು ಜೀವಮಾನ ನುಂಗಬೇಕು. ಆದರೆ ಅದುಮಿ ಇಟ್ಟರೆ ಲಿವರ್ ಕೆಡುವುದು ನಿಲ್ಲುತ್ತದೆ, ಕ್ಯಾನ್ಸರಿನ ಭಯ ಇಳಿಯುತ್ತದೆ ಅನ್ನುವುದನ್ನು ಎರಡು ತಟ್ಟೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದಾರೆ. ನೆಲನೆಲ್ಲಿಗೆ ಅಷ್ಟರ ಮಟ್ಟಿನ ತೂಕವೂ ಬಂದಿಲ್ಲ, ಇರುವ ವ್ಯತ್ಯಾಸ ಅದು. ವೈರಸ್ ಇದ್ದವರಿಗೆಲ್ಲ ಗುಳಿಗೆ ಬೇಕು ಅಂತಲೂ ಇಲ್ಲ. ಲಿವರ್ ಸ್ಥಿತಿ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ.

ಅಪಾಯ ಇರುವುದು ಸೊಪ್ಪು ಕುಡಿಯುವುದರಲ್ಲಿ ಅಲ್ಲ, ಕುಡಿದ ಮೇಲೆ ನಿಶ್ಚಿಂತೆಯಾಗಿ ಮಲಗುವುದರಲ್ಲಿ. ಕಾಮಾಲೆ ಬಂತು, ಸೊಪ್ಪು ಕುಡಿದಾಯಿತು, ಹದಿನೈದು ದಿನಕ್ಕೆ ಕಣ್ಣು ಬೆಳ್ಳಗಾಯಿತು, ದೇವರಿಗೆ ಕಾಯಿ ಒಡೆದಾಯಿತು. ಬಂದದ್ದು 'ಎ' ಆಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. 'ಬಿ' ಆಗಿದ್ದು ಒಳಗೇ ಉಳಿದಿದ್ದರೆ? ಕಣ್ಣಿನ ಬಣ್ಣ ಅದನ್ನು ಹೇಳುವುದಿಲ್ಲ. ಹೆಂಡತಿಗೆ ದಾಟುತ್ತದೆ, ಅವಳ ಹೆರಿಗೆಯಲ್ಲಿ ಮಗುವಿಗೆ ದಾಟುತ್ತದೆ. ಆ ಮಗುವಿಗೆ ನಲವತ್ತು ವರ್ಷ ಆದಾಗ ಹೊಟ್ಟೆಯಲ್ಲಿ ನೀರು ತುಂಬಿದರೆ, ಅಂದಿನ ಆ ಕಾಮಾಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಇದನ್ನು ತಡೆಯುವ ಉಪಾಯ ಬಲು ಅಗ್ಗ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ 'ಬಿ' ಲಸಿಕೆ ಬೀಳಬೇಕು. ಸರ್ಕಾರದ ಲಸಿಕೆ ಪಟ್ಟಿಗೆ ಇದು ಮೊದಲು 2002ರಲ್ಲಿ ಕೆಲವು ಕಡೆ ಪ್ರಯೋಗವಾಗಿ ಬಂತು, 2011ರ ಹೊತ್ತಿಗೆ ದೇಶದ ತುಂಬ. ಮನೆಯಲ್ಲಿ ಹೆರಿಗೆ ಆದರೆ, ತಡರಾತ್ರಿ ಆದರೆ ಈ ಮೊದಲ ಸೂಜಿ ತಪ್ಪಿಹೋಗುವ ಸಂಭವ ಹೆಚ್ಚು. ಹೆರಿಗೆಗೆ ಹೋದವರು ಡಿಸ್ಚಾರ್ಜ್ ಚೀಟಿ ಮಡಚಿ ಜೇಬಿಗೆ ಹಾಕುವ ಮೊದಲು, ಹಾಕಿದ್ದಾರಾ ಅಂತ ಒಂದು ಮಾತು ಕೇಳಿದರೆ ನರ್ಸಮ್ಮನಿಗೂ ಬೇಸರವಿಲ್ಲ.

ದೊಡ್ಡವರಿಗೆ ರಕ್ತ ಪರೀಕ್ಷೆ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಆ ತಾರೀಖು ಬ್ಲೂಮ್‌ಬರ್ಗ್ ಹುಟ್ಟಿದ ದಿನ. ಈ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾವ ಕೋಣೆ ಅಂತ ತೋರಿಸುತ್ತಾರೆ. ಕೇಳಬೇಕಾದ ಪರೀಕ್ಷೆಯ ಹೆಸರು 'ಎಚ್‌ಬಿಎಸ್‌ಎಜಿ'. ಬೆರಳಿನ ಒಂದು ಹನಿ ರಕ್ತದಲ್ಲೂ ನೋಡುವ ಕಿಟ್ ಇದೆ, ಟೀ ಕುಡಿದು ಬರುವಷ್ಟರಲ್ಲಿ ಫಲಿತಾಂಶ. ಇದೆ ಅಂತ ಬಂದರೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಆಗಲೂ ಇದ್ದರೆ ಅದು ಬಿಡಾರ ಹೂಡಿದೆ ಅಂತ ಲೆಕ್ಕ. ಮನೆಯ ಉಳಿದವರಿಗೂ ಇದೇ ಪರೀಕ್ಷೆ ಆಗಬೇಕು, ಇಲ್ಲದವರಿಗೆ ಮೂರು ಇಂಜೆಕ್ಷನ್ನು. ಸೊಪ್ಪು ಕುಡಿದು ವಾಸಿ ಆದವರೂ ಹೋಗಬಹುದು. ವೈದ್ಯರ ಹೆಸರಿಗೆ ಅದರಿಂದ ಕುಂದೇನೂ ಬರುವುದಿಲ್ಲ, ಅವರು ಕೊಟ್ಟದ್ದು ಹಳದಿಗೆ, ಇದು ನೋಡುವುದು ವೈರಸ್ಸನ್ನು.